ಹೆದರಿಕೆ, ಬೆದರಿಕೆ, ಭೀತಿ: ‘ಅಣು ಭಯೋತ್ಪಾದನೆ’ಯ ಸುತ್ತ ಒಂದು ಪದಚರ್ಚೆ

ಗೆಳೆಯರೆ,

ಒಂದು ಲೇಖನದ ಅನುವಾದದಲ್ಲಿ ಸಿಕ್ಕಿಕೊಂಡಿದ್ದೇನೆ. ಪರಮಾಣು ಸಾಮಗ್ರಿ ಉಗ್ರರ ಕೈ ಸೇರೀತೆಂದು ಜನ ಯಾಕೆ ಹೆದರುತ್ತಾರೆ, ಎಷ್ಟು ಹೆದರಬೇಕು ಎಂಬುದು ಅದರ ವಿಷಯ. ಇಂಗ್ಲಿಷಿನ ತಲೆಬರಹದಲ್ಲಿ ಫಿಯರ್, ಥ್ರೆಟ್, ಟೆರರಿಸಂ ಮೂರೂ ಒಟ್ಟಿಗೆ ಕುಳಿತಿವೆ. ಕೈಗೆ ಬಂದಂತೆ ಕನ್ನಡಕ್ಕೆ ತಂದರೆ ಆದದ್ದು ಇಷ್ಟು: ‘ಅಣು ಭಯೋತ್ಪಾದನೆಯ ಭೀತಿಯ ಬಗ್ಗೆ ಜನರ ಭಯ’. ಜೋರಾಗಿ ಓದಿಕೊಂಡು ನಾನೇ ನಕ್ಕೆ. ‘ಭಯ’, ‘ಭೀತಿ’ ಎರಡೂ ಸಂಸ್ಕೃತದ ಒಂದೇ ಧಾತುವಿನಿಂದ ಬಂದವು. ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳಹೊರಟವನು ಒಂದನ್ನೇ ಮೂರು ಸಲ ಹೇಳಿದ್ದೆ.

ಇದರಲ್ಲಿ ಹೆಚ್ಚು ತೊಂದರೆ ಕೊಡುತ್ತಿರುವುದು ‘ಭೀತಿ’. ಪತ್ರಿಕೆಗಳಿಗೆ ಇದು ಬಲು ಇಷ್ಟದ ಪದ: ಪ್ರವಾಹ ಭೀತಿ, ಭೂಕುಸಿತ ಭೀತಿ, ಹಕ್ಕಿಜ್ವರದ ಭೀತಿ. ಚಿಕ್ಕ ಪದ, ತಲೆಬರಹದ ಅಳತೆಗೆ ಸರಿಯಾಗಿ ಕೂರುತ್ತದೆ. ಆದರೆ ‘ಪ್ರವಾಹ ಭೀತಿ’ ಎಂದಾಗ ಹೇಳಿದ್ದು ನದಿಯ ಸುದ್ದಿಯೋ, ನದಿಯ ದಡದ ಜನರ ಮನಸ್ಸಿನ ಸುದ್ದಿಯೋ? ಅಪಾಯ ಮತ್ತು ಅಪಾಯದ ಅಂಜಿಕೆ ಎರಡನ್ನೂ ಆ ಒಂದೇ ಪದ ಹೊತ್ತುಕೊಂಡಿದೆ. ಪ್ರವಾಹದ ಮಟ್ಟಿಗೆ ಇದರಿಂದ ನಷ್ಟವೇನಿಲ್ಲ, ಎರಡಕ್ಕೂ ದೋಣಿಯೇ ಬೇಕು. ನನ್ನ ಲೇಖನಕ್ಕೆ ಮಾತ್ರ ಆ ಎರಡರ ನಡುವಿನ ಅಂತರವೇ ಜೀವಾಳ.

ಯಾಕೆಂದು ಹೇಳಲು ಅದರಲ್ಲಿನ ಒಂದು ಉದಾಹರಣೆಯನ್ನು ಇಲ್ಲಿ ಇಡುತ್ತೇನೆ. 1987ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ, ಪಾಳುಬಿದ್ದ ಚಿಕಿತ್ಸಾಲಯವೊಂದರಿಂದ ಇಬ್ಬರು ಹಳೆಯ ವಿಕಿರಣ ಚಿಕಿತ್ಸೆಯ ಯಂತ್ರದ ಭಾಗವನ್ನು ಬಿಚ್ಚಿ ಒಯ್ದು ಗುಜರಿಗೆ ಮಾರಿದರು. ಒಳಗಿದ್ದದ್ದು ಸೀಸಿಯಂ-137 ಎಂಬ ವಿಕಿರಣ ಸೂಸುವ ವಸ್ತುವಿನ ಪುಡಿ, ತೂಕ ನೂರು ಗ್ರಾಮಿಗಿಂತಲೂ ಕಡಿಮೆ. ಕತ್ತಲಲ್ಲಿ ಅದು ನೀಲಿಯಾಗಿ ಹೊಳೆಯುತ್ತಿತ್ತು. ಚೆಂದವೆಂದು ಜನ ಅದನ್ನು ಚಿಟಿಕೆ ಚಿಟಿಕೆ ಹಂಚಿಕೊಂಡರು, ಮೈಗೆ ಹಚ್ಚಿಕೊಂಡರು. ನಾಲ್ವರು ಸತ್ತರು, ಅವರಲ್ಲಿ ಒಬ್ಬಳು ಆರು ವರ್ಷದ ಹುಡುಗಿ. 249 ಮಂದಿಯ ಮೈಗೆ ಇಲ್ಲವೇ ಮೈಯೊಳಗೆ ಆ ಪುಡಿ ಸೇರಿತ್ತು. ಆದರೆ ತಪಾಸಣೆಗೆ ಕ್ರೀಡಾಂಗಣದಲ್ಲಿ ಸಾಲುಗಟ್ಟಿದವರು ಒಂದು ಲಕ್ಷಕ್ಕೂ ಹೆಚ್ಚು. ಮೊದಲು ತಪಾಸಣೆಗೆ ಒಳಗಾದ 60,000 ಮಂದಿಯಲ್ಲಿ ಸುಮಾರು 5,000 ಜನರಿಗೆ ಚರ್ಮ ಕೆಂಪೇರುವುದು, ವಾಂತಿ, ಭೇದಿಯಂತಹ ಲಕ್ಷಣಗಳಿದ್ದವು, ಮೈಮೇಲೆ ಸೀಸಿಯಂ ಇರಲಿಲ್ಲ. ಆ ಹುಡುಗಿಯನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ಹೂಳಲು ತಂದಾಗ ಹೆದರಿದ ಜನ ಕಲ್ಲು ತೂರಿದರು.

ಇಲ್ಲಿ ಉಗ್ರನೂ ಇಲ್ಲ, ಬಾಂಬೂ ಇಲ್ಲ. ಆದರೂ ಈ ವಿಷಯದ ಪ್ರತಿ ಚರ್ಚೆಯಲ್ಲಿ ಗೊಯಾನಿಯಾ ಬರುತ್ತದೆ, ಯಾಕೆಂದರೆ 249 ಎಂಬುದು ಅಪಾಯದ ಲೆಕ್ಕ, ಲಕ್ಷವೆಂಬುದು ಹೆದರಿಕೆಯ ಲೆಕ್ಕ. ಎರಡನ್ನೂ ‘ವಿಕಿರಣ ಭೀತಿ’ ಎಂದು ಬರೆದುಬಿಟ್ಟರೆ ಓದುಗನ ಕೈಗೆ ಏನೂ ಹತ್ತುವುದಿಲ್ಲ.

ಇದೇ ಭಾಗದಲ್ಲಿ ಇನ್ನೊಂದು ಪದವೂ ಕಾಡಿತು. ವಿಕಿರಣ ಸೂಸುವ ಧೂಳು ಮೈಗೆ ಅಂಟುವುದಕ್ಕೆ ಏನೆನ್ನೋಣ? ‘ವಿಕಿರಣ ಸೋಂಕು’ ಎಂದು ಬರೆದು ಹೊಡೆದುಹಾಕಿದೆ. ಸೋಂಕು ಎಂದರೆ ಮೂಲದಲ್ಲಿ ಬರಿಯ ಮುಟ್ಟುವಿಕೆ, ಗಾಳಿ ಸೋಂಕಿತು ಎನ್ನುವಾಗಿನ ಅರ್ಥ. ಆ ಅರ್ಥದಲ್ಲಿ ಪದ ಬಹಳ ಚೆನ್ನಾಗಿದೆ. ಆದರೆ ಕೊರೊನಾ ಬಂದು ಹೋದ ಮೇಲೆ ಯಾರ ಕಿವಿಗೂ ಅದು ರೋಗವಾಗಿಯೇ ಕೇಳುತ್ತದೆ. ರೋಗಾಣು ಒಂದರಿಂದ ನೂರಾಗುತ್ತದೆ, ಸೀಸಿಯಂ ಧೂಳು ಇದ್ದಷ್ಟೇ ಇರುತ್ತದೆ, ಸೋಪು ನೀರಿಗೆ ಬಹುಪಾಲು ಚರ್ಮದಿಂದ ತೊಳೆದುಹೋಗುತ್ತದೆ. ದೂರದಿಂದ ವಿಕಿರಣ ತಾಗಿ, ಧೂಳು ಅಂಟದೆ ಉಳಿದವನಿಂದ ಪಕ್ಕದವನಿಗೆ ಏನೂ ಹರಡುವುದಿಲ್ಲ. ‘ಸೋಂಕಿತ’ ಎಂದು ಬರೆದರೆ ಕಲ್ಲು ತೂರಿದವರ ತಿಳಿವಳಿಕೆಯನ್ನೇ ಅನುವಾದಕ ಮುದ್ರಿಸಿದಂತಾಗುತ್ತದೆ. ಸದ್ಯಕ್ಕೆ ‘ವಿಕಿರಣಶೀಲ ಧೂಳು ಅಂಟಿದವರು’ ಎಂದು ಬಿಡಿಸಿಯೇ ಬರೆದಿದ್ದೇನೆ. ಉದ್ದವಾಯಿತು, ಆಗಲಿ.

ಮತ್ತೆ ಥ್ರೆಟ್‌ಗೆ ಬರುತ್ತೇನೆ. ನಿಘಂಟು ‘ಬೆದರಿಕೆ’ ಎನ್ನುತ್ತದೆ. ಆದರೆ ಬೆದರಿಕೆಗೆ ಬೆದರಿಸುವವನೊಬ್ಬ ಬೇಕು. ಬೆದರಿಕೆ ಕರೆ, ಬೆದರಿಕೆ ಪತ್ರ ಸರಿ. ಯಾರೂ ಬಾಯಿ ಬಿಡದೆ, ಎಲ್ಲೋ ಉಗ್ರಾಣದಲ್ಲಿ ಕಾವಲಿಲ್ಲದೆ ಬಿದ್ದಿರುವ ಯುರೇನಿಯಂ ‘ಬೆದರಿಕೆ’ಯಾಗುವುದಿಲ್ಲ, ಅದು ಅಪಾಯ. ಇಂಗ್ಲಿಷಿನ ಥ್ರೆಟ್ ಇವೆರಡನ್ನೂ ಒಳಗೊಳ್ಳುತ್ತದೆ. ನಾವು ಪ್ರತಿ ಸಲ ಸಂದರ್ಭ ನೋಡಿ ಒಂದನ್ನು ಆರಿಸಬೇಕು, ಅದು ಒಳ್ಳೆಯದೇ.

ಅಪ್ಪಟ ಬೆದರಿಕೆಗೆ ಉದಾಹರಣೆ ಮಾಸ್ಕೋದ್ದು. 1995ರ ನವೆಂಬರಿನಲ್ಲಿ, ರಷ್ಯಾದಿಂದ ಬೇರೆಯಾಗಲು ಹೋರಾಡುತ್ತಿದ್ದ ಚೆಚನ್ ಬಂಡುಕೋರರು ಟಿವಿ ವಾಹಿನಿಯೊಂದಕ್ಕೆ ಸುಳಿವು ಕೊಟ್ಟು, ಇಸ್ಮಾಯ್ಲೊವೊ ಉದ್ಯಾನದಲ್ಲಿ ತಾವು ಹೂತಿಟ್ಟಿದ್ದ ಸೀಸಿಯಂ ಪೊಟ್ಟಣವನ್ನು ತೋರಿಸಿಕೊಟ್ಟರು. ಸಿಡಿಸಲಿಲ್ಲ. ‘ನಮ್ಮಲ್ಲಿದೆ’ ಎಂದಷ್ಟೇ ತೋರಿಸಬೇಕಿತ್ತು. ವಿಶ್ವಸಂಸ್ಥೆ 2005ರಲ್ಲಿ ಅಂಗೀಕರಿಸಿದ, 2007ರಲ್ಲಿ ಜಾರಿಗೆ ಬಂದ ಪರಮಾಣು ಭಯೋತ್ಪಾದನೆ ತಡೆ ಒಡಂಬಡಿಕೆ ಇಂತಹ ಬೆದರಿಕೆಯನ್ನೂ ಅಪರಾಧವೆನ್ನುತ್ತದೆ, ಆದರೆ ಅದು ನಂಬುವಂತಿರಬೇಕೆಂಬ ಷರತ್ತು ಇಟ್ಟು. ‘ನಂಬಲರ್ಹ ಬೆದರಿಕೆ’ ಎಂದು ಬರೆದೆ. ನಂಬಿಕೆಗೆ ಅರ್ಹವಾದ ಬೆದರಿಕೆ ಎಂದರೆ ಅದಕ್ಕೆ ಪ್ರಶಸ್ತಿಪತ್ರ ಕೊಟ್ಟ ಹಾಗೆ ಕೇಳಿಸುತ್ತದೆ. ‘ಹುಸಿಯಲ್ಲದ ಬೆದರಿಕೆ’ ವಾಸಿಯೇ?

ಇಷ್ಟರ ನಡುವೆ ನನಗೆ ಖುಷಿ ಕೊಟ್ಟದ್ದು ನಮ್ಮ ‘ಬೆದರು’. ಕುದುರೆ ಬೆದರಿತು ಎಂದರೆ ಹೆದರಿದ್ದು ಕುದುರೆ. ‘ಬೆದರಿಸು’ ಎಂದಾಗಲೇ ಹೆದರಿಸುವವನು ಬರುವುದು. ಹಾಗಿದ್ದೂ ‘ಬೆದರಿಕೆ’ ಎಂಬ ನಾಮಪದ ಹೆದರಿದವನನ್ನು ಬಿಟ್ಟು ಹೆದರಿಸುವವನ ಪಾಲಾಯಿತು. ‘ಹೆದರಿಕೆ’ ಹೆದರಿದವನಲ್ಲೇ ಉಳಿಯಿತು. ಒಂದೇ ಅಕ್ಷರದ ವ್ಯತ್ಯಾಸ, ಎದುರುಬದುರು ನಿಂತ ಇಬ್ಬರು. ನನ್ನ ತಲೆಬರಹಕ್ಕೆ ಬೇಕಾದ್ದು ಇದೇ ಇರಬಹುದು.

‘ಆತಂಕ’ವನ್ನು ಬಳಸಬಹುದಲ್ಲ ಎನ್ನುವವರಿಗೆ ಒಂದು ಎಚ್ಚರಿಕೆ. ಹಿಂದಿಯಲ್ಲಿ ಅದೇ ಭಯೋತ್ಪಾದನೆಯ ಪದ. ಹಿಂದಿಯಿಂದ ಅವಸರದಲ್ಲಿ ಇಳಿಸಿದ ಸುದ್ದಿಗಳಲ್ಲಿ ‘ಆತಂಕವಾದಿ’ ಕಣ್ಣಿಗೆ ಬೀಳುತ್ತಾನೆ. ಕನ್ನಡದ ಕಿವಿಗೆ ಅವನು ಸದಾ ಚಿಂತೆ ಮಾಡುತ್ತ ಕೂರುವ ಪಾಪದ ಮನುಷ್ಯ. ‘ಕೆಲಸ ನಿರಾತಂಕವಾಗಿ ನಡೆಯಿತು’ ಎನ್ನುವಾಗ ಅಡ್ಡಿ ಎಂಬ ಅರ್ಥವೂ ಅದರಲ್ಲಿ ಉಳಿದಿದೆ. ನನಗೆ ಅದು ಜನರ ಮನಸ್ಸಿನ ಪಾಲಿಗೇ ಇರಲಿ ಎನ್ನಿಸುತ್ತದೆ: ದಿಗಿಲು ಥಟ್ಟನೆ ಹುಟ್ಟಿ ಇಳಿಯುತ್ತದೆ, ಆತಂಕ ಒಳಗೆ ಕೂತು ಉಳಿಯುತ್ತದೆ. ಕ್ರೀಡಾಂಗಣದ ಸಾಲಿಗೆ ದಿಗಿಲು, ವರ್ಷಗಟ್ಟಲೆ ಸುದ್ದಿ ಓದುತ್ತ ಇರುವವರಿಗೆ ಆತಂಕ.

ಡರ್ಟಿ ಬಾಂಬ್‌ಗೆ ‘ಕೊಳಕು ಬಾಂಬ್’ ಎಂದು ಓದಿದ್ದೇನೆ. ನಗು ತರಿಸುತ್ತದೆ ಎಂಬುದು ನಿಜ, ಆದರೂ ಅದು ಅಷ್ಟು ಕೆಟ್ಟದ್ದಲ್ಲ. ಇದು ಮಾಮೂಲಿ ಸ್ಫೋಟಕದ ಜೊತೆ ವಿಕಿರಣಶೀಲ ವಸ್ತುವನ್ನು ಕಟ್ಟಿ ಚೆಲ್ಲಾಡುವ ಸಾಧನ, ಇದರಲ್ಲಿ ವಿದಳನ, ಅಂದರೆ ಅಣುಬಾಂಬಿನಲ್ಲಿ ಆಗುವಂತೆ ಪರಮಾಣು ಬೀಜ ಸೀಳುವುದು, ನಡೆಯುವುದೇ ಇಲ್ಲ. ‘ಅಣುಬಾಂಬ್’ ಎಂದರೆ ಓದುಗನ ಕಣ್ಣೆದುರು ಹಿರೋಷಿಮಾ ಬರುತ್ತದೆ, ‘ಕೊಳಕು’ ಎಂದರೆ ಅಂಥದ್ದೇನೂ ಬರುವುದಿಲ್ಲ. ‘ವಿಕಿರಣ ಬಾಂಬ್’ ಎರಡರ ನಡುವೆ ತೂಗಾಡುತ್ತದೆ.

ಅಣುವೋ ಪರಮಾಣುವೋ ಎಂಬ ಹಳೆಯ ಜಗಳವನ್ನು ಮತ್ತೆ ಎಬ್ಬಿಸುವುದಿಲ್ಲ. ಪಠ್ಯಪುಸ್ತಕದ ಪ್ರಕಾರ ಅಣು ಎಂದರೆ ಪರಮಾಣುಗಳ ಕೂಟ, ನ್ಯೂಕ್ಲಿಯರ್‌ಗೆ ಸರಿಯಾದ ಪದ ‘ಬೈಜಿಕ’, ಅಂದರೆ ಪರಮಾಣುವಿನ ಬೀಜಕ್ಕೆ ಸಂಬಂಧಿಸಿದ್ದು. ‘ಬೈಜಿಕ ಭಯೋತ್ಪಾದನೆ’ ಎಂದು ಬರೆದರೆ ಬಿತ್ತನೆ ಬೀಜದ ವಿಚಾರವೆಂದು ಓದುಗ ಪುಟ ಮಗುಚಿಯಾನು. ‘ಪರಮಾಣು’ ಎಂದೇ ಇಟ್ಟುಕೊಂಡಿದ್ದೇನೆ.

ಈಗಿನ ತಲೆಬರಹ: ‘ಪರಮಾಣು ಭಯೋತ್ಪಾದನೆ: ಅಪಾಯವೆಷ್ಟು, ಹೆದರಿಕೆಯೆಷ್ಟು?’ ಬೆದರಿಕೆಯನ್ನೂ ಸೇರಿಸುವ ಆಸೆಯಿದೆ, ಸೇರಿಸಿದರೆ ಪ್ರಾಸಕ್ಕೆ ಹೊರಟವನಂತೆ ಕಾಣುತ್ತೇನೆ. ಎರಡು ದಿನದಲ್ಲಿ ಪ್ರತಿ ಕಳುಹಿಸಬೇಕು. ಮುಖ್ಯವಾಗಿ, ಧೂಳು ಅಂಟುವುದಕ್ಕೆ ಸೋಂಕಲ್ಲದ ಒಂದು ಚಿಕ್ಕ ಪದ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕೊಡಿ.