ನಾಲ್ಕು ತಿಂಗಳ ಬಾರ್ಡರ್ ಕೋಲಿ ಮರಿಗೆ ಈಗಲೇ ಜಿಗಿಯಲು ಕಲಿಸಬಹುದಾ?

ಪ್ರಶ್ನೆ (ಉಡುಪಿ, ಕುಂಜಿಬೆಟ್ಟು): ನಮಸ್ಕಾರ ಮೇಡಂ. ನಮ್ಮ ಮನೆಗೆ ಬಾರ್ಡರ್ ಕೋಲಿ ಹೆಣ್ಣು ಮರಿ ಬಂದು ಎರಡು ತಿಂಗಳಾಯಿತು. ಹೆಸರು ಮಿಂಚು. ಈಗ ನಾಲ್ಕು ತಿಂಗಳು. ಮುಂದೆ ಅಜಿಲಿಟಿ, ಅಂದರೆ ಅಡೆತಡೆ ದಾಟಿ ಓಡುವ ನಾಯಿಗಳ ಸ್ಪರ್ಧೆ, ಮಾಡಿಸಬೇಕು ಅಂತ ನಮಗೆ ತುಂಬಾ ಆಸೆ. ನಮ್ಮವರು ಪ್ಲಂಬಿಂಗ್ ಪೈಪಿನಲ್ಲಿ ಒಂದೂವರೆ ಅಡಿ ಎತ್ತರದ ಹರ್ಡಲ್ ಮಾಡಿ ಅಂಗಳದಲ್ಲಿ ಇಟ್ಟಿದ್ದಾರೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೇವೆ. ಚೆಂಡು ಎಸೆದರೆ ಸಾಕು, ಮರಿ ಹಾರಿಯೇ ಬಿಡುತ್ತದೆ. ದಿನಕ್ಕೆ ಎರಡು ಗಂಟೆ ಆಡಿಸುತ್ತೇವೆ. ಆದರೂ ಸಂಜೆ ಏಳು ಗಂಟೆಯಾದರೆ ಮಕ್ಕಳ ಕಾಲು ಕಚ್ಚುತ್ತಾ ಮನೆಯಿಡೀ ಓಡುತ್ತದೆ. ಇನ್ನೂ ಜಾಸ್ತಿ ಓಡಿಸಬೇಕಾ?

ಉತ್ತರ (ನಾಯಿ ತರಬೇತುದಾರೆ, ಮಂಗಳೂರು): ನಮಸ್ಕಾರ. ಮೊದಲು ಆ ಹರ್ಡಲ್ ತೆಗೆದು ಒಳಗಿಡಿ. ಇವತ್ತೇ ತೆಗೆಯಿರಿ. ಒಂದು ವರ್ಷ ಬಿಟ್ಟು ಬೇಕಾಗುತ್ತದೆ, ಬಿಸಾಡಬೇಡಿ.

ಮರಿಯ ಎಲುಬುಗಳ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೆತ್ತಗಿನ ಭಾಗ ಉಂಟು. ಎಲುಬು ಉದ್ದ ಬೆಳೆಯುವುದು ಅಲ್ಲಿಂದಲೇ. ಗ್ರೋತ್ ಪ್ಲೇಟ್ ಅನ್ನುತ್ತಾರೆ. ಬಾರ್ಡರ್ ಕೋಲಿಯಷ್ಟು ದೊಡ್ಡ ತಳಿಗಳಲ್ಲಿ ಅದು ಪೂರ್ತಿ ಗಟ್ಟಿಯಾಗಲು ಹೆಚ್ಚುಕಡಿಮೆ 12ರಿಂದ 15 ತಿಂಗಳು ಬೇಕು. ಹಾರಿ ಇಳಿಯುವಾಗ ಭಾರವೆಲ್ಲ ಮುಂಗಾಲಿನ ಮೇಲೆ ಬೀಳುತ್ತದೆ. ಅದೂ ಇಂಟರ್‌ಲಾಕ್ ಮೇಲೆ, ಚೆಂಡಿನ ಹಿಂದೆ ತಿರುಗಿಕೊಂಡು! ಆ ಮೆತ್ತಗಿನ ಭಾಗಕ್ಕೆ ಪೆಟ್ಟಾದರೆ ಕಾಲು ಸೊಟ್ಟ ಬೆಳೆಯಬಹುದು. ಮರಿ ತಾನಾಗಿ ಹಾರುತ್ತದೆ ಅಂದರೆ ಅದರ ಮೈ ತಯಾರಾಗಿದೆ ಅಂತ ಅಲ್ಲ. ಈ ತಳಿ ನೋವಿದ್ದರೂ ಆಟ ನಿಲ್ಲಿಸುವುದಿಲ್ಲ. ಹಾಗಾಗಿ ನಾವೇ ನಿಲ್ಲಿಸಬೇಕು.

ನಾನಿದನ್ನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮೊದಲ ಕೋಲಿಗೆ ಎಂಟು ತಿಂಗಳಲ್ಲೇ ಹರ್ಡಲ್ ಶುರು ಮಾಡಿದ್ದೆ. ಒಂದೂವರೆ ವರ್ಷ ಆಗುವಾಗ ಬೆಳಿಗ್ಗೆ ಎದ್ದ ಕೂಡಲೇ ಎಡ ಮುಂಗಾಲು ಊರುತ್ತಿರಲಿಲ್ಲ. ಹತ್ತು ಹೆಜ್ಜೆ ನಡೆದ ಮೇಲೆ ಸರಿಯಾಗುತ್ತಿತ್ತು. ಆ ಹತ್ತು ಹೆಜ್ಜೆ ನೋಡುವುದು ಬಹಳ ಕಷ್ಟ. ಅವನು ಒಂದು ಸ್ಪರ್ಧೆಯಲ್ಲೂ ಓಡಲಿಲ್ಲ.

ಅವಸರ ಮಾಡಿ ಲಾಭವೂ ಇಲ್ಲ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ನಿಯಮದ ಪ್ರಕಾರ 18 ತಿಂಗಳು ತುಂಬದ ನಾಯಿ ಸ್ಪರ್ಧೆಗೆ ಇಳಿಯುವಂತಿಲ್ಲ. ನಿಮ್ಮ ಕೈಯಲ್ಲಿ ಇನ್ನೂ 14 ತಿಂಗಳು ಉಂಟು.

ಇನ್ನು ಸಂಜೆಯ ಓಟ. ಅದು ಆಟ ಕಡಿಮೆಯಾಗಿ ಅಲ್ಲ ಮಾರಾಯ್ರೆ, ನಿದ್ರೆ ಕಡಿಮೆಯಾಗಿ. ಈ ವಯಸ್ಸಿನ ಮರಿ ದಿನಕ್ಕೆ 18 ಗಂಟೆ ಮಲಗಬೇಕು. ಕೋಲಿ ಮರಿ ತಾನಾಗಿ ಮಲಗುವುದಿಲ್ಲ, ನಾವು ಮಲಗಿಸಬೇಕು. ನಿದ್ರೆಗೆಟ್ಟ ಮಗು ಹಟ ಮಾಡುತ್ತದಲ್ಲ, ಹಾಗೆಯೇ. ಜಾಸ್ತಿ ಓಡಿಸಿದರೆ ಇನ್ನೂ ಜಾಸ್ತಿ ಓಡುವ ಶಕ್ತಿ ಬರುತ್ತದೆ, ಶಾಂತಿ ಬರುವುದಿಲ್ಲ. ಒಂದು ಗಂಟೆ ಎಚ್ಚರ, ಎರಡು ಗಂಟೆ ಮಲಗುವುದು, ಹೀಗೆ ಮಾಡಿ ನೋಡಿ. ಮಲಗಲು ಜನ ಓಡಾಡದ ಮೂಲೆಯಲ್ಲಿ ಒಂದು ಗೋಣಿ ಹಾಸಿ. ಗೋಣಿಗೆ ಹೋದರೆ ಸುಮ್ಮನಿರುವುದು, ಅಷ್ಟೇ. ಈ ವರ್ಷ ನೀವು ಕಲಿಸಬೇಕಾದ ದೊಡ್ಡ ಪಾಠ ಅದೇ. ಸುಮ್ಮನಿರಲು ಬಾರದ ಕೋಲಿ ಮುಂದೆ ಮೈದಾನದ ಬದಿಯಲ್ಲಿ ತನ್ನ ಸರದಿ ಕಾಯುತ್ತಾ ಬೊಗಳಿ ಬೊಗಳಿ ಅರ್ಧ ಶಕ್ತಿ ಅಲ್ಲೇ ಕಳೆಯುತ್ತದೆ.

ಪ್ರಶ್ನೆ (ಕುಂಜಿಬೆಟ್ಟಿನವರೇ): ತೆಗೆದಿಟ್ಟೆವು ಮೇಡಂ. ಓದಿ ಹೆದರಿಕೆಯೂ ಆಯಿತು. ಹಾಗಾದರೆ ಅಜಿಲಿಟಿಗೆ ಅಂತ ಈಗ ಏನೂ ಮಾಡುವ ಹಾಗಿಲ್ಲವಾ? ಹೊರಗೆ ಜೋರು ಮಳೆ ಬೇರೆ.

ಉತ್ತರ: ಹೆದರಬೇಡಿ. ಸರಿಯಾಗಿ ನಡೆಯುತ್ತಿದ್ದಾಳೆ, ಚೆನ್ನಾಗಿ ತಿನ್ನುತ್ತಿದ್ದಾಳೆ ಅಂದರೆ ಏನೂ ಆಗಿಲ್ಲ. ಕುಂಟಿದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಮಾಡುವುದು ಬೇಕಾದಷ್ಟು ಉಂಟು. 1978ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಕುದುರೆ ಜಿಗಿತದ ಮಾದರಿಯಲ್ಲಿ ಈ ಆಟ ಶುರುವಾಯಿತು. ಅದಕ್ಕೇ ಎಲ್ಲರಿಗೂ ಮೊದಲು ಜಿಗಿತ ಕಾಣುತ್ತದೆ. ಆದರೆ ಅಜಿಲಿಟಿಯಲ್ಲಿ ಗೆಲ್ಲುವುದು ತಿರುವಿನಲ್ಲಿ. ನಿಮ್ಮ ಭುಜ ಎತ್ತ ತಿರುಗಿತು, ಕಾಲು ಎತ್ತ ಹೋಯಿತು ಅಂತ ನಾಯಿ ಓಡುತ್ತಲೇ ಓದಬೇಕು. ಅದನ್ನು ಕಲಿಸಲು ಜಗಲಿ ಸಾಕು.

ಮನೆಯಲ್ಲಿ ಊಟಕ್ಕೆ ಕೂರುವ ಹಳೆಯ ಮಣೆ ಇರಬಹುದಲ್ವಾ? ಜಾರದ ಹಾಗೆ ಅಡಿಗೊಂದು ಚಾಪೆ ಹಾಕಿ ಇಡಿ. ಮಿಂಚು ಮುಂದಿನ ಎರಡು ಕಾಲು ಮಣೆ ಮೇಲೆ ಇಟ್ಟ ತಕ್ಷಣ ಒಂದು ಚೂರು ತಿಂಡಿ ಕೊಡಿ. ಎರಡು ಮೂರು ದಿನದಲ್ಲಿ ತಾನಾಗಿ ಇಡುತ್ತಾಳೆ. ಆಮೇಲೆ ನೀವು ಮಣೆಯ ಸುತ್ತ ಒಂದೊಂದೇ ಹೆಜ್ಜೆ ಸರಿಯಿರಿ. ಮುಂಗಾಲು ಮಣೆ ಮೇಲೆಯೇ ಇರಬೇಕು, ಹಿಂಗಾಲು ಮಾತ್ರ ನಿಮ್ಮ ಜತೆ ಸರಿಯಬೇಕು. ಮೊದಲ ಸಲ ಮಾಡುವಾಗ ಅವಳ ಮುಖ ನೋಡಿ. ಹಿಂದೆ ಎರಡು ಕಾಲು ಇರುವುದೇ ಮರಿಗೆ ಗೊತ್ತಿರುವುದಿಲ್ಲ. ಒಂದು ಹಿಂಗಾಲು ಎತ್ತಿ, ಎಲ್ಲಿಡಬೇಕು ಅಂತ ಗೊತ್ತಾಗದೆ ಹಾಗೇ ನಿಲ್ಲುತ್ತದೆ. ಕಾಯಿರಿ, ತಳ್ಳಬೇಡಿ. ಇಟ್ಟಾಗ ಕೊಡಿ. ಮುಂದೆ ಡಾಗ್ ವಾಕ್ ಅನ್ನುವ ಎತ್ತರದ ಕಿರಿದಾದ ಹಲಗೆ ಮೇಲೆ, ಎ ಫ್ರೇಮ್ ಅನ್ನುವ ಇಳಿಜಾರು ಹಲಗೆ ಇಳಿಯುವಾಗ, ಕೊನೆಗೆ ಬಣ್ಣ ಬಳಿದ ಜಾಗ ಮುಟ್ಟುವಾಗ ಈ ಪಾಠವೇ ಕೆಲಸಕ್ಕೆ ಬರುವುದು.

ಜತೆಗೆ ಬಕೆಟ್ ಸುತ್ತಿ ಬರುವುದು, ಎಡಕ್ಕೂ ಬಲಕ್ಕೂ. ನೆಲದ ಮೇಲೆ ಮಲಗಿಸಿದ ಏಣಿಯ ಮೆಟ್ಟಿಲ ನಡುವೆ ನಿಧಾನ ನಡೆಯುವುದು. ಎರಡೂ ಕಡೆ ತೆರೆದ ದೊಡ್ಡ ರಟ್ಟಿನ ಪೆಟ್ಟಿಗೆಯೇ ಟನಲ್. ಹಲಗೆಯ ಒಂದು ತುದಿ ದಪ್ಪ ಟವೆಲ್ ಮೇಲೆ ಇಟ್ಟು 'ಟಪ್' ಅಂತ ಬೀಳುವ ಸದ್ದು ಅಭ್ಯಾಸ ಮಾಡಿಸಿ. ಸೀಸಾ, ಅಂದರೆ ಏರಿಳಿಯುವ ತೂಗುಹಲಗೆ, ಕಂಡರೆ ಹೆದರುವ ನಾಯಿಗಳಲ್ಲಿ ಜಾಸ್ತಿ ಹೆದರುವುದು ಆ ಸದ್ದಿಗೆ. ವೀವ್ ಪೋಲ್, ಅಂದರೆ ಸಾಲಾಗಿ ನೆಟ್ಟ ಕಂಬಗಳ ನಡುವೆ ನುಸುಳುವುದು, ಈಗ ಮುಟ್ಟಲೇಬೇಡಿ, ಅದು ಬೆನ್ನು ಬಗ್ಗಿಸಿ ಓಡುವ ಕೆಲಸ, ಕೊನೆಗೆ.

ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ಮೂರು ಸಲ. ಅವಳಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಿ. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ ಮೂರು ವರ್ಷದಲ್ಲಿ 1022 ಆಟಿಕೆಗಳ ಹೆಸರು ಕಲಿತಿತ್ತು. ಇವು ಅಷ್ಟು ಬೇಗ ಕಲಿಯುತ್ತವೆ, ತಪ್ಪನ್ನೂ ಅಷ್ಟೇ ಬೇಗ.

ಪ್ರಶ್ನೆ (ಮಂಗಳೂರು, ಕದ್ರಿ): ಮೇಡಂ, ನಮ್ಮದು ಏಳು ತಿಂಗಳ ಗಂಡು. ರಸ್ತೆಯಲ್ಲಿ ಸ್ಕೂಟರ್ ಕಂಡರೆ ಎಳೆದುಕೊಂಡು ಓಡುತ್ತಾನೆ. ಬೈದರೂ ಕೇಳುವುದಿಲ್ಲ.

ಉತ್ತರ: ಸರ್, ಬೈದು ಪ್ರಯೋಜನವಿಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯಲ್ಲಿ ಕುರಿ ಕಾಯಲೆಂದೇ ಬೆಳೆಸಿದ ತಳಿ ಇದು. ಓಡುವುದನ್ನು ಹಿಂಬಾಲಿಸಿ ಅಡ್ಡಗಟ್ಟುವುದು ರಕ್ತದಲ್ಲೇ ಇದೆ. ಕುರಿ ಇಲ್ಲದ ಊರಿನಲ್ಲಿ ಸ್ಕೂಟರೇ ಕುರಿ. ಓಡಲು ಶುರು ಮಾಡಿದ ಮೇಲೆ ಕರೆದರೆ ಅವನಿಗೆ ಕೇಳಿಸುವುದೇ ಇಲ್ಲ. ಅದಕ್ಕೂ ಮೊದಲು ನೋಡಿ. ತಲೆ ಭುಜದ ಮಟ್ಟಕ್ಕೆ ಇಳಿಯುತ್ತದೆ. ಒಂದು ಮುಂಗಾಲು ಗಾಳಿಯಲ್ಲಿ ಹಾಗೇ ನಿಲ್ಲುತ್ತದೆ. ಕಣ್ಣು ನೆಟ್ಟಿರುತ್ತದೆ. ಆ ಒಂದೆರಡು ಸೆಕೆಂಡಿನಲ್ಲೇ ಕರೆಯಬೇಕು, ತಿರುಗಿ ನೋಡಿದರೆ ಒಳ್ಳೆಯ ತಿಂಡಿ ಕೊಡಬೇಕು. ಅದಕ್ಕೆ ದೂರ ಬೇಕು. ಮುಖ್ಯರಸ್ತೆ ಬದಿಯಲ್ಲಿ ಶುರು ಮಾಡಬೇಡಿ. ಸ್ಕೂಟರ್ ಚಿಕ್ಕದಾಗಿ ಕಾಣುವಷ್ಟು ದೂರದಲ್ಲಿ ನಿಂತು ಶುರು ಮಾಡಿ, ವಾರ ವಾರ ಸ್ವಲ್ಪ ಹತ್ತಿರ ಬನ್ನಿ. ಬೆಲ್ಟ್ ಮಾತ್ರ ಬಿಡಬೇಡಿ.

ಪ್ರಶ್ನೆ (ಉಡುಪಿ, ರಥಬೀದಿ ಹತ್ತಿರ): ನಮ್ಮ ಮನೆಯಲ್ಲಿ ಮೀನು ಮಾಂಸ ಇಲ್ಲ. ತಿಂಡಿಗೆ ಏನು ಕೊಡುವುದು? ಮತ್ತೆ ಅಷ್ಟಮಿಗೆ ಹುಲಿವೇಷದ ಸದ್ದಿಗೆ ನಮ್ಮ ಮರಿ ಹೆದರುವುದಾ?

ಉತ್ತರ: ಪನೀರಿನ ಚೂರು, ಬೇಯಿಸಿದ ಕ್ಯಾರೆಟ್, ಇಲ್ಲವೇ ಅದರ ಊಟದ ಪೆಲೆಟ್‌ನಲ್ಲೇ ಸ್ವಲ್ಪ ತೆಗೆದಿಡಿ. ಉಗುರಿನಷ್ಟು ಸಾಕು. ಮೀನು ತಿನ್ನುವ ಮನೆಯವರು ಮುಳ್ಳು ತೆಗೆದ ಬೇಯಿಸಿದ ಬಂಗುಡೆ ಕೊಡಬಹುದು, ಉಪ್ಪಿನ ಒಣಮೀನು ಬೇಡ. ಅಂಗಳದಲ್ಲಿ ಅಡಿಕೆ ಒಣಗಿಸುವವರು ಜಾಗ್ರತೆ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನು ಹಿಂದೆ ನಾಯಿಗಳ ಹುಳದ ಮದ್ದಾಗಿ ಕೊಡುತ್ತಿದ್ದರು. ಮರಿ ಅಡಿಕೆ ಜಗಿದರೆ ವಾಂತಿ, ಭೇದಿ ಆಗುತ್ತದೆ.

ತಾಸೆಯ ಸದ್ದಿಗೆ ಈಗಿನಿಂದಲೇ ತಯಾರಿ ಮಾಡಿ. ಕೋಲಿಗಳಿಗೆ ಸದ್ದಿನ ಹೆದರಿಕೆ ಬೇಗ ಅಂಟುತ್ತದೆ. ಮೊಬೈಲಿನಲ್ಲಿ ಹುಲಿವೇಷದ ತಾಸೆ ಹಾಕಿ, ಪಕ್ಕದ ಕೋಣೆಯಲ್ಲಿ, ತೀರಾ ಸಣ್ಣ ಸದ್ದಿನಲ್ಲಿ, ಊಟ ಮಾಡುವಾಗ. ಊಟ ಬಿಟ್ಟು ತಲೆ ಎತ್ತಿದರೆ ಸದ್ದು ಜಾಸ್ತಿಯಾಯಿತು ಅಂತ. ಅಷ್ಟಮಿ ದಿನ ರಥಬೀದಿಗೆ ಕರೆದುಕೊಂಡು ಹೋಗಬೇಡಿ.

ಪ್ರಶ್ನೆ (ಸುರತ್ಕಲ್): ಬೀಚಿನಲ್ಲಿ ಓಡಿಸಬಹುದಾ? ಉಣ್ಣಿಗೆ ಇಂಜೆಕ್ಷನ್ ಹಾಕಿಸಬಹುದಾ?

ಉತ್ತರ: ಬೆಳಿಗ್ಗೆ ಏಳರ ಒಳಗೆ, ನೀರಿಳಿದ ಮೇಲಿನ ಗಟ್ಟಿ ಮರಳಿನಲ್ಲಿ ಆಡಲಿ. ಒಣ ಮರಳಿನಲ್ಲಿ ಕಾಲು ಹೂತು ಸ್ನಾಯು ಎಳೆಯುತ್ತದೆ. ಬಲೆಯಿಂದ ಬಿಸಾಡಿದ ಊದಿಕೊಳ್ಳುವ ಮೀನು ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ, ವಿಷ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ನಾಯಿ ಏದುಸಿರು ಬಿಟ್ಟರೂ ಮೈ ಬೇಗ ತಣಿಯುವುದಿಲ್ಲ. ಈ ತಳಿಯಲ್ಲಿ ಇನ್ನೊಂದು ತೊಂದರೆಯೂ ಕಾಣಿಸುತ್ತದೆ. ಕೆಲವು ನಾಯಿಗಳು ಐದರಿಂದ ಹದಿನೈದು ನಿಮಿಷ ಜೋರಾಗಿ ಆಡಿದ ಮೇಲೆ ತೂರಾಡುತ್ತವೆ, ಹಿಂಗಾಲು ಎಳೆಯುತ್ತವೆ. ಹಾಗಾದರೆ ಕೂಡಲೇ ಆಟ ನಿಲ್ಲಿಸಿ, ನೆರಳಿಗೆ ತಂದು ಮೈಗೆ ನೀರು ಹಾಕಿ, ಡಾಕ್ಟರಿಗೆ ತೋರಿಸಿ. ಬೇಸಿಗೆ ಅಂತ ಕೂದಲು ಬೋಳಿಸಬೇಡಿ.

ಇಂಜೆಕ್ಷನ್ ಮೊದಲು ಡಾಕ್ಟರಲ್ಲಿ 'ಇದು ಕೋಲಿ' ಅಂತ ಬಾಯಿಬಿಟ್ಟು ಹೇಳಿ. ಎಂಡಿಆರ್1 ಅನ್ನುವ ಜೀನ್ ದೋಷ ಇರುವ ನಾಯಿಗಳಿಗೆ ಉಣ್ಣಿ, ಹುಳಕ್ಕೆ ಕೊಡುವ ಐವರ್ಮೆಕ್ಟಿನ್ ಮದ್ದು ಹೆಚ್ಚಿನ ಪ್ರಮಾಣದಲ್ಲಿ ಹೋದರೆ ಪ್ರಾಣಕ್ಕೆ ಅಪಾಯ. ಬಾರ್ಡರ್ ಕೋಲಿಯಲ್ಲಿ ಅದು ಅಪರೂಪ, ಆದರೆ ಇಲ್ಲದಿಲ್ಲ. ಇಲಿಜ್ವರದ ಲಸಿಕೆ ಆಗಿದೆಯಾ ಅಂತಲೂ ಕೇಳಿ. ನಮ್ಮ ಮಳೆಗಾಲಕ್ಕೆ ಅದು ಬೇಕೇ ಬೇಕು.

ಪ್ರಶ್ನೆ (ಕುಂಜಿಬೆಟ್ಟಿನವರು, ಎರಡು ವಾರದ ಮೇಲೆ): ಮೇಡಂ, ನಿನ್ನೆ ಮಿಂಚು ಮಣೆಯ ಸುತ್ತ ಪೂರ್ತಿ ಒಂದು ಸುತ್ತು ಬಂದಳು! ಎಡಕ್ಕೆ ಸಲೀಸು, ಬಲಕ್ಕೆ ಅರ್ಧದಲ್ಲಿ ನಿಲ್ಲುತ್ತಾಳೆ. ಸಂಜೆ ಏಳಕ್ಕೆ ಗೋಣಿ ಮೇಲೆ ಮಲಗಿರುತ್ತಾಳೆ.

ಉತ್ತರ: ಓದಿ ತುಂಬಾ ಖುಷಿಯಾಯಿತು. ನಮಗೆ ಬಲಗೈ ಇದ್ದ ಹಾಗೆ ನಾಯಿಗೂ ಒಂದು ಸುಲಭದ ಬದಿ ಇರುತ್ತದೆ. ಇನ್ನು ಒಂದು ವಾರ ಎಡಕ್ಕೆ ಒಂದು ಸಲ ಮಾಡಿಸಿದರೆ ಬಲಕ್ಕೆ ಎರಡು ಸಲ ಮಾಡಿಸಿ. ಅರ್ಧದಲ್ಲಿ ನಿಂತರೆ ಕಾಲು ಸುತ್ತು ಬಂದಾಗಲೇ ತಿಂಡಿ ಕೊಟ್ಟುಬಿಡಿ.