ಸ್ಟ್ರೋಕ್ ಆದ ಅಪ್ಪನಿಗೆ ರಿಹ್ಯಾಬ್ ಸೆಂಟರ್ ಹುಡುಕುತ್ತಿದ್ದೇನೆ, ನಿಮ್ಮ ಅನುಭವ ಹೇಳಿ

ಪ್ರಶ್ನೆ, ಹಾಸನದಿಂದ:
ಅಪ್ಪನಿಗೆ 72 ವರ್ಷ. ಸ್ಟ್ರೋಕ್ ಆಗಿ ಬಲಗಡೆ ಕೈಕಾಲು ಸ್ವಾಧೀನದಲ್ಲಿಲ್ಲ. ಮಾತು ಸರಿಯಾಗಿ ಹೊರಡುತ್ತಿಲ್ಲ, ಊಟ ಮೂಗಿನ ಪೈಪಿನಲ್ಲಿ. ಬೆಂಗಳೂರಿನ ಆಸ್ಪತ್ರೆಯವರು ಈ ವಾರ ಡಿಸ್ಚಾರ್ಜ್ ಎಂದಿದ್ದಾರೆ. ಸ್ವಲ್ಪ ಕಾಲ ರಿಹ್ಯಾಬ್ ಸೆಂಟರಿನಲ್ಲಿ ಇಡಿ ಎಂದೂ ಹೇಳಿದ್ದಾರೆ. ಊರಿನ ಮನೆಯಲ್ಲಿ ಅಮ್ಮ ಒಬ್ಬರೇ. ಮೂರು ಕಡೆಯ ಹೆಸರು ಸಿಕ್ಕಿದೆ, ಫೋಟೋದಲ್ಲಿ ಮೂರೂ ಚೆನ್ನಾಗಿ ಕಾಣುತ್ತವೆ. ಹೋದಾಗ ಏನು ನೋಡಬೇಕು, ಏನು ಕೇಳಬೇಕು?

ಅತ್ತೆಯನ್ನು ಇಂಥ ಕಡೆ ಸೇರಿಸಿದ್ದ ಸೊಸೆ, ಬೆಂಗಳೂರು:
ಮೊದಲು ಮನೆಯವರೆಲ್ಲ ಕೂತು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಅಪ್ಪ ಚೇತರಿಸಿಕೊಂಡು ಮನೆಗೆ ಬರಲಿ ಅಂತ ಸೇರಿಸುತ್ತಿದ್ದೀರೋ, ಅಲ್ಲೇ ಬಹಳ ಕಾಲ ಇರಲಿ ಅಂತಲೋ? ಎರಡಕ್ಕೂ ಬೇಕಾದ ಜಾಗ ಬೇರೆ ಬೇರೆ. ರಿಹ್ಯಾಬ್ ಅಂತ ಬೋರ್ಡ್ ಹಾಕಿಕೊಂಡ ಕೆಲವು ಕಡೆ ನಾನು ನೋಡಿದ್ದು ವೃದ್ಧಾಶ್ರಮವನ್ನೇ. ಬೆಳಿಗ್ಗೆ ಒಬ್ಬ ಫಿಸಿಯೋ ಬಂದು ಹೋಗುತ್ತಾರೆ, ಅಷ್ಟೇ. ಸ್ಟ್ರೋಕ್ ಆದ ಮೇಲೆ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಜಾಸ್ತಿ. ಆ ತಿಂಗಳುಗಳು ಸುಮ್ನೆ ಮಲಗುವುದರಲ್ಲೇ ಕಳೆದುಹೋಗಬಾರದು.

ನಿಮ್ಮ ತಂದೆಗೆ ಮೂರು ಥರದ ಥೆರಪಿ ಬೇಕಾಗಬಹುದು. ನಡೆಯಲು ಫಿಸಿಯೋ. ತಾವೇ ತಿನ್ನುವುದು, ಸ್ನಾನ, ಅಂಗಿ ಗುಂಡಿ ಹಾಕಿಕೊಳ್ಳುವುದು ಇವನ್ನೆಲ್ಲ ಮತ್ತೆ ಕಲಿಸಲು ಆಕ್ಯುಪೇಷನಲ್ ಥೆರಪಿಸ್ಟ್. ಮಾತಿಗೆ ಸ್ಪೀಚ್ ಥೆರಪಿಸ್ಟ್. ನುಂಗುವ ಶಕ್ತಿ ಎಷ್ಟಿದೆ ಎಂದು ಪರೀಕ್ಷೆ ಮಾಡುವವರೂ ಇವರೇ, ಹಾಗಾಗಿ ಮೂಗಿನ ಪೈಪ್ ತೆಗೆಯುವ ವಿಷಯದಲ್ಲಿ ಇವರ ಮಾತು ಮುಖ್ಯ. "ಎಲ್ಲಾ ಇದೆ ಮೇಡಂ" ಅನ್ನುತ್ತಾರೆ. ಬಿಡಬೇಡಿ. ಪ್ರತಿಯೊಬ್ಬರೂ ವಾರಕ್ಕೆ ಎಷ್ಟು ದಿನ ಬರುತ್ತಾರೆ, ಒಂದೊಂದು ಸಲ ಎಷ್ಟು ಹೊತ್ತು, ಭಾನುವಾರ ಏನು ಮಾಡಿಸುತ್ತಾರೆ, ಕೇಳಿ.

ಇನ್ನೊಂದು ಪ್ರಶ್ನೆ ತಪ್ಪದೇ ಕೇಳಿ: ಸುಧಾರಣೆಯನ್ನು ಹೇಗೆ ಅಳೆಯುತ್ತೀರಿ? ಬಾರ್ತೆಲ್ ಇಂಡೆಕ್ಸ್ ಅಂತ ಒಂದು ಲೆಕ್ಕ ಇದೆ. ಊಟ, ಸ್ನಾನ, ಶೌಚ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮೆಟ್ಟಿಲು ಹತ್ತುವುದು ಹೀಗೆ ಒಂದೊಂದಕ್ಕೂ ಅಂಕ ಕೊಟ್ಟು ಒಟ್ಟು 100ಕ್ಕೆ ಹಾಕುತ್ತಾರೆ. ಸೇರಿಸುವ ದಿನ ಎಷ್ಟು, ವಾರ ವಾರ ಎಷ್ಟು ಎಂದು ಬರೆದು ತೋರಿಸುವವರು ಸಿಕ್ಕರೆ ಅರ್ಧ ಚಿಂತೆ ಕಡಿಮೆ. ಆ ಹೆಸರೇ ಕೇಳಿಲ್ಲ ಅನ್ನುವ ಕಡೆ ಚಿಕಿತ್ಸೆಗೆ ಗುರಿ ಇಟ್ಟುಕೊಂಡಿರುವುದು ನನಗೆ ಅನುಮಾನ.

ನೋಡಲು ಹೋಗುವಾಗ ಒಮ್ಮೆ ಹೇಳಿ ಹೋಗಿ, ಇನ್ನೊಮ್ಮೆ ಹೇಳದೆ ಹೋಗಿ. ನಾವು ಒಂದು ಕಡೆ ಸಂಜೆ ನಾಲ್ಕಕ್ಕೆ ಹೋದೆವು. ಹೊಳೆಯುವ ನೆಲ, ಎಸಿ, ರಿಸೆಪ್ಷನ್‌ನಲ್ಲಿ ಹೂವು. ಒಳಗೆ ಎಲ್ಲರೂ ಹಾಸಿಗೆಯಲ್ಲೇ ಇದ್ದರು, ಟಿವಿ ಮಾತ್ರ ಓಡುತ್ತಿತ್ತು. ಇನ್ನೊಂದು ಹಳೇ ಕಟ್ಟಡ, ಗೋಡೆಯ ಬಣ್ಣ ಹೋಗಿತ್ತು. ಆದರೆ ಹೆಚ್ಚಿನವರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ತಲೆ ಬಾಚಿತ್ತು, ಉಗುರು ಕತ್ತರಿಸಿತ್ತು. ಒಬ್ಬ ಆಯಾ ಅಜ್ಜನೊಬ್ಬರ ಎಡಗೈಗೆ ಚಮಚ ಕೊಟ್ಟು, ಅವರೇ ಬಾಯಿಗೆ ಇಟ್ಟುಕೊಳ್ಳುವವರೆಗೆ ಕಾಯುತ್ತಿದ್ದಳು. ತಾನೇ ತಿನ್ನಿಸಿದ್ದರೆ ಬೇಗ ಮುಗಿಯುತ್ತಿತ್ತು. ನಾವು ಅತ್ತೆಯನ್ನು ಅಲ್ಲಿಗೇ ಸೇರಿಸಿದೆವು.

ನಿವೃತ್ತ ಸ್ಟಾಫ್ ನರ್ಸ್, ಮೈಸೂರು:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನರ್ಸಿಂಗ್ ಕಡೆಯಿಂದ ನಾನು ಸೇರಿಸುತ್ತೇನೆ.

ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣಿನ ಬಗ್ಗೆ ನೇರವಾಗಿ ಕೇಳಿ. ಈಗ ಎಷ್ಟು ಜನಕ್ಕೆ ಇದೆ, ಅದರಲ್ಲಿ ಇಲ್ಲಿಗೆ ಬಂದ ಮೇಲೆ ಆದದ್ದು ಎಷ್ಟು? ತಾವಾಗಿ ಮಗ್ಗುಲು ಬದಲಿಸಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ತಿರುಗಿಸಬೇಕು. ಏರ್ ಬೆಡ್ ಇದ್ದರೂ ತಿರುಗಿಸುವುದು ತಪ್ಪುವುದಿಲ್ಲ. ಅದಕ್ಕೊಂದು ಚಾರ್ಟ್ ಇರುತ್ತದೆ, ತೋರಿಸಿ ಅನ್ನಿ. ಹಗಲು ರಾತ್ರಿ ಎಲ್ಲಾ ಗಂಟೆಗೂ ಒಂದೇ ಪೆನ್ನು, ಒಂದೇ ಕೈಬರಹ ಇದ್ದರೆ ಒಂದೇ ಸಲ ಕೂತು ತುಂಬಿಸಿದ್ದಾರೆ ಅಂತಲೇ ಲೆಕ್ಕ. ಅಪ್ಪನನ್ನು ಸೇರಿಸುವ ದಿನ ಹಿಮ್ಮಡಿ, ಸೊಂಟದ ಹಿಂಭಾಗ ನರ್ಸ್ ಜೊತೆ ನೀವೂ ನೋಡಿ, ಚರ್ಮ ಹೇಗಿದೆ ಎಂದು ಬರೆಸಿಕೊಳ್ಳಿ.

ಪೈಪಿನಲ್ಲಿ ಊಟ ಕೊಡುವಾಗ ತಲೆಯ ಕಡೆ ಎತ್ತರಿಸಿದ್ದಾರಾ ನೋಡಿ. ಊಟ ಆದ ಮೇಲೂ ಕನಿಷ್ಠ ಅರ್ಧ ಗಂಟೆ ಹಾಗೇ ಇರಬೇಕು. ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಯೂರಿನ್ ಬ್ಯಾಗ್ ಹಾಸಿಗೆಗಿಂತ ಕೆಳಗೆ ತೂಗುತ್ತಿರಬೇಕು, ನೆಲಕ್ಕೆ ತಾಗಬಾರದು. ರೋಗಿಯನ್ನು ಹೇಗೆ ಎತ್ತುತ್ತಾರೆ ಎಂಬುದನ್ನೂ ಗಮನಿಸಿ. ಸ್ವಾಧೀನ ಇಲ್ಲದ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರಬಹುದು. ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ತುಂಬಾ ಸಂಕಟ ಆಗುತ್ತಿತ್ತು.

ರಾತ್ರಿ ಎಷ್ಟು ರೋಗಿಗಳಿಗೆ ಎಷ್ಟು ನರ್ಸ್? ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಕೋರ್ಸ್ ಆದವರು ಎಷ್ಟು, ಅಟೆಂಡರ್‌ಗಳು ಎಷ್ಟು? ರಾತ್ರಿ ಎರಡಕ್ಕೆ ಉಸಿರಾಟ ಕಷ್ಟವಾದರೆ ಯಾರು ನೋಡುತ್ತಾರೆ, ಯಾವ ಆಸ್ಪತ್ರೆಗೆ ಕರೆದೊಯ್ಯುತ್ತಾರೆ? "108ಕ್ಕೆ ಫೋನ್ ಮಾಡ್ತೀವಿ" ಎಂಬುದಷ್ಟೇ ಉತ್ತರವಾದರೆ ಬೇರೆ ಕಡೆ ನೋಡಿ.

ಒಂದು ಮಾತು ಬಿಟ್ಟೆ. ಹಾಸನಕ್ಕೆ ಮರಳಿದ ಮೇಲೂ ಮಾತಿನ ತೊಂದರೆ ಉಳಿದಿದ್ದರೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ್ದು. ಅಲ್ಲಿ ತೋರಿಸಿ.

ವಿಮಾ ಕಂಪನಿಯಲ್ಲಿ ಕೆಲಸ ಮಾಡಿದವರು, ದಾವಣಗೆರೆ:
ದುಡ್ಡಿನ ವಿಷಯ ಯಾರೂ ಎತ್ತಿಲ್ಲ. ಆರೋಗ್ಯ ವಿಮೆ ಇದೆ, ನೋಡಿಕೊಳ್ಳುತ್ತದೆ ಎಂದು ನಂಬಿ ಕೂರಬೇಡಿ. ಪಾಲಿಸಿಯ ಹೊರಗಿಡುವಿಕೆಗಳ, ಅಂದರೆ ಹಣ ಕೊಡದ ಖರ್ಚುಗಳ ಪಟ್ಟಿಯಲ್ಲಿ ಎಕ್ಸ್‌ಕ್ಲೂಷನ್ 05 ಇದೆಯಾ ನೋಡಿ. ರಿಹ್ಯಾಬ್, ವಿಶ್ರಾಂತಿ, ಸ್ನಾನ ಊಟಕ್ಕೆ ನೆರವಾಗುವ ಆರೈಕೆ ಇವೆಲ್ಲ ಅದರಲ್ಲಿ ಬರುತ್ತವೆ. ಇದ್ದರೆ ರಿಹ್ಯಾಬ್ ಕೇಂದ್ರದ ವಾಸದ ಖರ್ಚು ಸಿಗುವುದು ಕಷ್ಟ. ಆದರೆ ಡಿಸ್ಚಾರ್ಜ್ ನಂತರದ ಔಷಧಿ, ಪರೀಕ್ಷೆ ಖರ್ಚಿಗೆ ಬೇರೆ ಭಾಗ ಇರುತ್ತದೆ. ಆರೋಗ್ಯ ಸಂಜೀವನಿ ಎಂಬ, ಎಲ್ಲ ಕಂಪನಿಗಳಲ್ಲೂ ಒಂದೇ ಮಾದರಿಯ ಪಾಲಿಸಿಯಲ್ಲಿ ಅದು 60 ದಿನ. ವೈದ್ಯರು ಚೀಟಿಯಲ್ಲಿ ಬರೆದ ಫಿಸಿಯೋಥೆರಪಿಗೆ ಅದರಲ್ಲಿ ಕೊಡುತ್ತಾರಾ ಎಂದು ಕಂಪನಿಯನ್ನು ಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಕೇಂದ್ರದವರು ಹೇಳುವ ತಿಂಗಳ ಮೊತ್ತದಲ್ಲಿ ಏನು ಸೇರಿಲ್ಲ ಎಂದು ಬರೆಸಿಕೊಳ್ಳಿ. ಡೈಪರ್, ಗ್ಲೌಸ್, ಔಷಧಿ, ಏರ್ ಬೆಡ್ ಬಾಡಿಗೆ, ಆಮ್ಲಜನಕ, ಹೆಚ್ಚುವರಿ ಥೆರಪಿ, ಇವುಗಳಿಂದಲೇ ಬಿಲ್ ಬೆಳೆಯುವುದು. ಠೇವಣಿ ಯಾವಾಗ ವಾಪಸ್? ತಿಂಗಳ ಮಧ್ಯೆ ಕರೆದುಕೊಂಡು ಹೋದರೆ ಉಳಿದ ದಿನದ ಹಣ? ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಬೇಕು. ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಿರಬೇಕು. ಗೋಡೆ ನೋಡಿ, ಇಲ್ಲದಿದ್ದರೆ ಕೇಳಿ.

ಮರೆವಿನ ಕಾಯಿಲೆಯ ತಾಯಿಯನ್ನು ಕೇಂದ್ರದಲ್ಲಿ ಇಟ್ಟಿರುವ ಮಗ, ಧಾರವಾಡ:
ನಿಮಗೆ ಮುಂದೆ ದೀರ್ಘಕಾಲದ ಆರೈಕೆ ಬೇಕಾದರೆ ಇದನ್ನು ನೆನಪಿಡಿ. ಅಲ್ಲಿನ ಹುಡುಗರಿಗೆ, ಹುಡುಗಿಯರಿಗೆ ಕನ್ನಡ ಬರುತ್ತದಾ? ಬೇರೆ ರಾಜ್ಯದಿಂದ ಬಂದು ಚೆನ್ನಾಗಿ ದುಡಿಯುವವರು ಬಹಳ ಜನ ಇದ್ದಾರೆ, ಅವರ ಮೇಲೆ ದೂರಿಲ್ಲ. ಆದರೆ ನಮ್ಮವ್ವ "ನೀರಡಿಕಿ" ಅಂದರೆ ಅವರಿಗೆ ತಿಳಿಯುತ್ತಿರಲಿಲ್ಲ. ನಿಮ್ಮ ತಂದೆಗೆ ಮಾತೇ ಕಷ್ಟ. ಹೊರಡುವ ಒಂದೆರಡು ಶಬ್ದವಾದರೂ ಎದುರಿನವರಿಗೆ ಅರ್ಥವಾಗಬೇಕಲ್ವಾ? ಪ್ರತಿ ಪಾಳಿಯಲ್ಲಿ ಒಬ್ಬರಾದರೂ ಕನ್ನಡ ಬಲ್ಲವರು ಇರಲಿ ಎಂದು ನಾನು ಪಟ್ಟು ಹಿಡಿದೆ.

ಕೈ ಕಟ್ಟುತ್ತಾರಾ ಎಂದೂ ಕೇಳಿ. ಪೈಪ್ ಕಿತ್ತುಕೊಳ್ಳುತ್ತಾರೆಂದು ಕೈಯನ್ನು ಮಂಚಕ್ಕೆ ಕಟ್ಟುವುದುಂಟು. ಯಾವಾಗ, ಎಷ್ಟು ಹೊತ್ತು, ಯಾರನ್ನು ಕೇಳಿ ಎಂಬುದು ಮೊದಲೇ ಗೊತ್ತಿರಲಿ. ನಿದ್ದೆ ಮಾತ್ರೆ ಹೊಸದಾಗಿ ಶುರು ಮಾಡುವ ಮೊದಲು ನಿಮಗೆ ಫೋನ್ ಬರಬೇಕು. ಭಾನುವಾರ ಒಂದು ಗಂಟೆ ಮಾತ್ರ ಭೇಟಿ ಅನ್ನುವ ಕಡೆ ನಾನಾದರೆ ಸೇರಿಸುವುದಿಲ್ಲ.

ಮತ್ತೆ, ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹಾಸಿಗೆಯಿಂದ ಎಬ್ಬಿಸುವುದು, ಊಟ ಕೊಡುವುದು ಅವರಿಗೆ ಕಲಿಸಿಕೊಡುತ್ತಾರಾ ಎಂದು ಅವರೆದುರೇ ಕೇಳಿ. ಕೊನೆಗೆ ಮನೆಯಲ್ಲಿ ಅದನ್ನೆಲ್ಲ ಮಾಡಬೇಕಾದವರು ಅವರೇ.