ಮನೇಲೇ ರಿಪೇರಿ ಮಾಡಿದ್ಮೇಲೆ ಬ್ರೇಕ್ ಕಾಯ್ತಿದ್ಯಾ? ಮೆಕ್ಯಾನಿಕ್ ಹತ್ರ ಕೇಳಿ

ಮೆಕ್ಯಾನಿಕ್: ಪ್ಯಾಡು, ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಸ್ವಂತ ಹಾಕ್ಕೊಂಡು ಆಮೇಲೆ ಬ್ರೇಕ್ ಬಿಸಿ ಆಗ್ತಿರೋರು ಇಲ್ಲಿ ಕೇಳಿ. ಏನು ಬಿಚ್ಚಿದ್ರಿ, ಏನು ಹಾಕಿದ್ರಿ, ಯಾವ ಚಕ್ರ ಕಾಯುತ್ತೆ, ಇಷ್ಟು ಬರೀರಿ.

ಭಾನುವಾರದ ಗ್ಯಾರೇಜ್: ಸರ್ ನಮಸ್ಕಾರ. ಮುಂದಿನ ಎಡಗಡೆ ಚಕ್ರ ಮಾತ್ರ ಹತ್ರ ಕೈ ತರಕ್ಕಾಗಲ್ಲ, ಬಲಗಡೆದು ಸರಿ ಇದೆ. ಪ್ಯಾಡ್ ಹೊಸದು, ಡಿಸ್ಕ್ ಹೊಸದು, ಕೊನೆಗೆ ಕ್ಯಾಲಿಪರೂ ಹೊಸದೇ ಹಾಕಿದೆ, ಕ್ಯಾಲಿಪರ್ ಸರಿದಾಡೋ ಪಿನ್‌ಗಳು ಬೆರಳಲ್ಲಿ ತಳ್ಳಿದ್ರೂ ಜಾರ್ತವೆ. ಇನ್ನೇನು ಬದಲಾಯಿಸ್ಲಿ?

ಮೆಕ್ಯಾನಿಕ್: ಸದ್ಯಕ್ಕೆ ಏನೂ ಬೇಡ, ಮೊದ್ಲು ಪರೀಕ್ಷೆ ಮಾಡಿ. ಬ್ರೇಕ್ ತಾನಾಗೇ ಹಿಡ್ಕೊಂಡಿರುವಾಗ್ಲೇ ಗಾಡಿ ಎತ್ತಿ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬ್ಕೊಂಡು ಕೈ ಹಾಕ್ಬೇಡಿ. ಚಕ್ರ ಬಿಗಿ ಇದ್ಯಾ ತಿರುಗಿಸಿ ನೋಡಿ, ಆಮೇಲೆ ಬ್ಲೀಡರ್ (ಕ್ಯಾಲಿಪರಲ್ಲಿ ಗಾಳಿ ತೆಗೆಯೋ ಸ್ಕ್ರೂ) ಸ್ವಲ್ಪ ಸಡಿಲ ಮಾಡಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಕೊಂಡ್ರೆ ಪ್ರೆಷರ್ ಒಳಗೆ ಸಿಕ್ಕಾಕ್ಕೊಂಡಿದೆ ಅಂತ ಅರ್ಥ. ಬಿಟ್ಕೊಳ್ಳಲಿಲ್ಲ ಅಂದ್ರೆ ಪಿಸ್ಟನ್, ಪಿನ್, ಬ್ರಾಕೆಟ್‌ನಲ್ಲಿ ಪ್ಯಾಡ್ ಬಿಗಿ ಕೂತಿರೋದು, ಬೇರಿಂಗ್, ಇವನ್ನ ನೋಡ್ಬೇಕು. ನಂಗೆ ಅನುಮಾನ ರಬ್ಬರ್ ಹೋಸ್ ಮೇಲೆ. ಕ್ಯಾಲಿಪರ್ ಬಿಚ್ಚಿದಾಗ ಹೋಸಲ್ಲೇ ನೇತಾಡೋಕೆ ಬಿಟ್ಟಿದ್ರಾ? ಹೊರಗೆ ಏನೂ ಗೊತ್ತಾಗಲ್ಲ, ಒಳಗಿನ ಪದರ ಕಿತ್ತಿರುತ್ತೆ, ಕಾಲಲ್ಲಿ ತುಳಿದಾಗ ಆಯಿಲ್ ಮುಂದೆ ಹೋಗುತ್ತೆ, ಬಿಟ್ಟಾಗ ವಾಪಸ್ ಬರಲ್ಲ. ಮತ್ತೆ ಬ್ರೇಕ್ ಹಾಗೇ ಹಿಡ್ಕೊಂಡಾಗ ಹೋಸ್ ಲೋಹದ ಪೈಪಿಗೆ ಸೇರೋ ಜಾಯಿಂಟ್ ಸಡಿಲ ಮಾಡಿ. ಅಲ್ಲಿ ಬಿಡದ ಚಕ್ರ ಬ್ಲೀಡರ್ ತೆಗೆದಾಗ ಬಿಟ್ರೆ ಹೋಸ್ ಹೋಗಿದೆ. ಎಡ ಬಲ ಎರಡೂ ಹೋಸ್ ಹೊಸದು ಹಾಕಿ, ಗಾಳಿ ತೆಗೀರಿ.

ಹಳೇ ಗಾಡಿ: ಪಿನ್‌ಗೆ ಪೆಟ್ರೋಲಿಯಂ ಜೆಲ್ಲಿ ಸವರಿದ್ರೆ ಜನ್ಮದಲ್ಲಿ ಜಾಮ್ ಆಗಲ್ಲ ಅಂತ ಫಾರ್ವರ್ಡ್ ಬಂದಿದೆ, ಹಚ್ಬಹುದಾ ಅಣ್ಣ?

ಮೆಕ್ಯಾನಿಕ್: ಬೇಡ. ರಬ್ಬರ್ ಊದ್ಕೊಂಡು ಅದ್ರಿಂದಲೇ ಜಾಮ್ ಆಗುತ್ತೆ. ಬ್ರೇಕಿಗೇ ಅಂತ ಬರೋ ಸಿಲಿಕೋನ್ ಗ್ರೀಸ್, ತೆಳ್ಳಗೆ.

ಡೀಸೆಲ್ ಗಾಡಿ: ನಾನು ಎಷ್ಟೋ ವರ್ಷದಿಂದ ಬೇರಿಂಗ್ ಗ್ರೀಸೇ ಹಚ್ತಿರೋದು, ಏನೂ ಆಗಿಲ್ಲ.

ಭಾನುವಾರದ ಗ್ಯಾರೇಜ್: ನಿಮ್ದು ತಡ್ಕೊಂಡಿದೆ ಅಂತ ಬೇರೆಯವರಿಗೆ ಯಾಕೆ ಹೇಳ್ತೀರ, ಅವ್ರ ಗಾಡಿ ಹಿಡ್ಕೊಂಡ್ರೆ ನೀವು ಹೋಗ್ತೀರಾ?

ಡೀಸೆಲ್ ಗಾಡಿ: ನಾನು ಹಚ್ಚಿ ಅಂದ್ನಾ? ನನ್ನ ಅನುಭವ ಹೇಳ್ದೆ ಅಷ್ಟೇ. ಮೂರು ಪಾರ್ಟ್ ಬದಲಾಯಿಸಿ ಇನ್ನೂ ತೊಂದ್ರೆ ಹುಡುಕ್ತಿರೋರು ನಂಗೆ ಪಾಠ ಹೇಳ್ಬೇಡಿ.

ಹೊಸ ಸದಸ್ಯೆ: ಹಿಂದಿನ ಪಾರ್ಕಿಂಗ್ ಬ್ರೇಕ್ ಎಲೆಕ್ಟ್ರಿಕ್ ಇದೆ ಸರ್. ಪ್ಯಾಡ್ ಹಾಕುವಾಗ ಪಿಸ್ಟನ್‌ನ ಕ್ಲ್ಯಾಂಪ್ ಹಾಕಿ ಒತ್ತಿಬಿಟ್ವಿ, ಈಗ ಆ ಚಕ್ರ ಬಿಸಿ. ಏನಾಗಿರ್ಬಹುದು?

ಬಿಳಿ ಸೆಡಾನ್: ನಮ್ದು ನಾಲ್ಕೂ ಚಕ್ರ ಕಾಯುತ್ತೆ. ಹಿಂದೆ ವೀಲ್ ಸಿಲಿಂಡರ್ ಹಾಕಿ ಬ್ಲೀಡ್ ಮಾಡಿದೆ, ಆಯಿಲ್ ಸಾಲ್ದೇ ಮನೇಲಿದ್ದ ಒಂದು ಡಬ್ಬಿಯಿಂದ ಸ್ವಲ್ಪ ಹುಯ್ದೆ. ಮೊದ್ಲು ಚೆನ್ನಾಗೇ ಇತ್ತು, ಈಗ ಪೆಡಲ್ ಕಲ್ಲಿನ ಥರ, ನ್ಯೂಟ್ರಲ್‌ನಲ್ಲಿ ತಳ್ಳಿದ್ರೂ ಗಾಡಿ ಉರುಳಲ್ಲ. ಆಯಿಲ್ ಟ್ಯಾಂಕಿನ ಮುಚ್ಚಳದ ಒಳಗಿರೋ ರಬ್ಬರ್ ಕೂಡ ಸುಕ್ಕುಸುಕ್ಕಾಗಿ ದೊಡ್ಡದಾಗಿದೆ, ವಾಪಸ್ ಕೂರ್ತಿಲ್ಲ. ನಾಳೆ ಮನೆಯವರನ್ನೆಲ್ಲ ಕರ್ಕೊಂಡು ಹೊರಡಬೇಕು, ಅಷ್ಟರಲ್ಲಿ ಏನಾದ್ರೂ ಮಾಡ್ಬಹುದಾ?

ಮೆಕ್ಯಾನಿಕ್: ಗಾಡಿ ತೆಗೀಬೇಡಿ. ನಾಳೆ ಬೇರೆ ಗಾಡಿ ನೋಡ್ಕೊಳ್ಳಿ. ನಾಲ್ಕೂ ಚಕ್ರ ಹಿಡಿದ್ರೆ ನಾನು ಮೊದ್ಲು ಪೆಡಲ್ ಫ್ರೀ ಪ್ಲೇ (ಬ್ರೇಕ್ ಹಿಡಿಯೋ ಮುಂಚಿನ ಸಡಿಲ), ಪೆಡಲ್ ಒತ್ತಡನ ಮುಂದೆ ತಳ್ಳೋ ಬೂಸ್ಟರ್ ಪುಶ್‌ರಾಡ್ ಉದ್ದ ನೋಡ್ತಿದ್ದೆ, ಆದ್ರೆ ಮುಚ್ಚಳದ ರಬ್ಬರ್ ಉಬ್ಬಿದೆ ಅಂತೀರಲ್ಲ, ಭಯ ಆಗಿದ್ದು ಅದಕ್ಕೇ. ಆ ಡಬ್ಬೀಲಿ ಇದ್ದದ್ದು ಪವರ್ ಸ್ಟೀರಿಂಗ್ ಆಯಿಲೋ ಇಂಜಿನ್ ಆಯಿಲೋ ಇರ್ಬೇಕು. ಬ್ರೇಕಿನ ರಬ್ಬರಿಗೆ ಅದು ಆಗಿಬರಲ್ಲ, ಊದ್ಕೊಳ್ಳುತ್ತೆ. ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲಿಗೆ ಪ್ರೆಷರ್ ಕೊಡೋ ಭಾಗ) ಒಳಗೆ ಆಯಿಲ್ ಟ್ಯಾಂಕಿಗೆ ವಾಪಸ್ ಹೋಗೋಕೆ ಒಂದು ಸಣ್ಣ ತೂತಿದೆ, ಊದಿದ ಸೀಲ್ ಅದನ್ನ ಮುಚ್ಚಿಬಿಡುತ್ತೆ. ಬ್ರೇಕ್ ಬಿಡಲ್ಲ, ಉಜ್ಜಿ ಕಾಯುತ್ತೆ, ಕಾದ ಆಯಿಲ್ ಹಿಗ್ಗಿ ಇನ್ನೂ ಬಿಗಿ ಹಿಡಿಯುತ್ತೆ, ಹೀಗೇ ಏರ್ತಾ ಹೋಗಿ ಕೊನೆಗೆ ಆಯಿಲ್ ಕುದಿದು ಆವಿ ತುಂಬ್ಕೊಂಡ್ರೆ ಈಗ ಕಲ್ಲಿನ ಥರ ಇರೋ ಪೆಡಲ್ ನೆಲಕ್ಕೆ ಹೋಗುತ್ತೆ. ಇಳಿಜಾರಲ್ಲಿ ಹಾಗಾದ್ರೆ ಏನು ಮಾಡ್ತೀರ? ಟ್ಯಾಂಕಿನ ಮೇಲ್ಭಾಗದಿಂದ ಸ್ವಲ್ಪ ತೆಗೆದು ಗಾಜಿನ ಲೋಟದ ನೀರಿಗೆ ಬಿಡಿ. ಬ್ರೇಕ್ ಆಯಿಲ್ ನೀರಲ್ಲಿ ಬೆರೆಯುತ್ತೆ, ಬೇರೆ ಎಣ್ಣೆ ಮೇಲೆ ತೇಲುತ್ತೆ. ಏನಾಯ್ತು ಅಂತ ಇಲ್ಲೇ ಹಾಕಿ.

ಡೀಸೆಲ್ ಗಾಡಿ: ಪೂರ್ತಿ ಖಾಲಿ ಮಾಡಿ ಡಾಟ್ 5 ಬ್ರೇಕ್ ಆಯಿಲ್ ಹಾಕ್ಲಿ ಬಿಡಿ, ಅದು ಕುದಿಯೋದೇ ಕಷ್ಟ.

ಭಾನುವಾರದ ಗ್ಯಾರೇಜ್: ಡಾಟ್ 5 ಸಿಲಿಕೋನು ಸ್ವಾಮಿ, ಡಾಟ್ 4 ಜೊತೆ ಬೆರೆಯಲ್ಲ. ನೀವು ಹೇಳ್ತಿರೋದು 5.1 ಇರ್ಬೇಕು.

ಡೀಸೆಲ್ ಗಾಡಿ: ನಂಬರ್ ಹಿಡ್ಕೊಂಡು ಜಗಳಕ್ಕೆ ಬರ್ತೀರಲ್ಲ.

ಮೆಕ್ಯಾನಿಕ್: ನಂಬರ್ ಮುಖ್ಯ, ಮುಚ್ಚಳದ ಮೇಲೆ ಬರೆದಿರೋದನ್ನೇ ಹಾಕ್ಬೇಕು. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ನೀರು ಹೀರಿದ್ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ತೆರೆದಿಟ್ಟ ಹಳೇ ಡಬ್ಬಿ ಬೇಡ ಅನ್ನೋದು ಇದಕ್ಕೇ. ಇಬ್ರೂ ನಿಲ್ಸಿ, ಅಲ್ಲೊಬ್ರು ನಾಳೆ ಸಂಸಾರ ಸಮೇತ ಹೊರಡೋರಿದ್ದಾರೆ.

ಹಳೇ ಗಾಡಿ: ಡಿಸ್ಕ್ ಕಾದ್ರೆ ತಣ್ಣೀರು ಹುಯ್ಯೋ ವಿಡಿಯೋ ಇದು, ನೋಡಿ ಹೇಳಿ ಅಣ್ಣ.

ಮೆಕ್ಯಾನಿಕ್: ಹುಯ್ಯಬೇಡಿ. ಡಿಸ್ಕ್ ಸೊಟ್ಟ ಆಗುತ್ತೆ, ಬಿರುಕೂ ಬಿಡಬಹುದು. ದಯವಿಟ್ಟು ಫಾರ್ವರ್ಡ್ ತಂದು ಹಾಕ್ಬೇಡಿ, ಇಲ್ಲಿ ಓದಿದವ್ರು ಯಾರಾದ್ರೂ ಹಾಗೇ ಮಾಡ್ತಾರೆ.

ಇನ್ನೊಬ್ಬರು: ಸರ್ ಮುಂದಿನ ಒಂದು ಚಕ್ರ ಮಾತ್ರ ಬಿಸಿ, ಏನು ಮಾಡ್ಲಿ?

ಮೆಕ್ಯಾನಿಕ್: ಮೇಲೆ ಬರೆದಿದೀನಿ. ಓದಿ.

ಇನ್ನೊಬ್ಬರು: ಓದೋಕೆ ಟೈಮ್ ಇದ್ದಿದ್ರೆ ಕೇಳ್ತಿರ್ಲಿಲ್ಲ.

ಮೆಕ್ಯಾನಿಕ್: ನನಗೂ ಎರಡನೇ ಸಲ ಬರೆಯೋಕೆ ಟೈಮ್ ಇಲ್ಲ.

ಬಿಳಿ ಸೆಡಾನ್: ಲೋಟದಲ್ಲಿ ತೇಲ್ತಿದೆ ಸರ್, ಕೆಂಪಗೆ. ಬ್ರೇಕ್ ಕ್ಲೀನರ್ ಹಾಕಿ ತೊಳೆದ್ರೆ ಸಾಕಾಗಲ್ವಾ?

ಮೆಕ್ಯಾನಿಕ್: ಸಾಕಾಗಲ್ಲ. ಊದಿದ ರಬ್ಬರ್ ತೊಳೆದ್ರೆ ಸರಿ ಹೋಗಲ್ಲ. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಸೀಲುಗಳು, ನೀವು ಹೊಸದಾಗಿ ಹಾಕಿದ ವೀಲ್ ಸಿಲಿಂಡರ್ ಸಮೇತ, ಎಲ್ಲಾ ಹೋಸ್ ಬದಲಾಯಿಸ್ಬೇಕು, ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಇದ್ರೆ ಆ ಯೂನಿಟ್ಟೂ ನೋಡ್ಬೇಕು. ಲೋಹದ ಪೈಪ್ ಮಾತ್ರ ತೊಳೆದು ಉಳಿಸ್ಕೋಬಹುದು. ಇದನ್ನ ಮನೇಲಿ ಮಾಡ್ಬೇಡಿ, ಗಾಡಿ ಎತ್ತಿಸ್ಕೊಂಡು ವರ್ಕ್‌ಶಾಪಿಗೆ ಕಳ್ಸಿ, ಯಾವ ಆಯಿಲ್ ಬಿದ್ದಿದೆ ಅಂತ ಅವ್ರಿಗೆ ಹೇಳಿ.

ಬಿಳಿ ಸೆಡಾನ್: ಸರಿ ಸರ್. ಕೀ ತೆಗೆದಿಟ್ಟೆ.

ಹೊಸ ಸದಸ್ಯೆ: ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಬಗ್ಗೆ ಕೇಳಿದ್ದೆ, ಯಾರಾದ್ರೂ ಹೇಳ್ತೀರಾ?

ಡೀಸೆಲ್ ಗಾಡಿ: ಅಂದ್ಹಾಗೆ ಬೇರಿಂಗ್ ಗ್ರೀಸ್ ಹಚ್ಚಿದ ನನ್ನ ಪಿನ್‌ಗಳ ಫೋಟೋ ಹಾಕ್ತೀನಿ, ಊದಿದ್ಯಾ ನೀವೇ ನೋಡಿ.